ಉಣುಗು ಸುತ್ತೋಲೆಗೆ ಕಾಯುವುದಿಲ್ಲ

1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಗೆ ದಶಕಗಳ ಕಾಲ ಹಾಕುತ್ತಿದ್ದ ಲಸಿಕೆಯನ್ನು, ಪರಿಣಾಮ ಸಾಲದೆಂದು, ಈಚೆಗೆ ನಿಲ್ಲಿಸಿದರು. ನಿಲ್ಲಿಸಿದ್ದಕ್ಕೆ ನನ್ನ ತಕರಾರಿಲ್ಲ, ಹೇಳದೆ ಬಿಟ್ಟಿದ್ದಕ್ಕಿದೆ.

"ಈ ವರ್ಷ ಸೂಜಿ ಯಾವಾಗ?" ಎಂದು ಅಮ್ಮ ಕೇಳಿದಾಗ ನಮ್ಮೂರಿನ ಆಶಾ ಕಾರ್ಯಕರ್ತೆ, "ನಮಗೇ ಏನೂ ತಿಳಿಸಿಲ್ಲ ಅಮ್ಮಾ" ಎಂದರು. ಆರೋಗ್ಯ ಕೇಂದ್ರದಲ್ಲೂ ಅದೇ ಉತ್ತರ. ಹಳೆಯ ಸೂಜಿಯ ಧೈರ್ಯದಲ್ಲೇ ಅಮ್ಮ ತರಗೆಲೆ ಗುಡಿಸಲು ಕಾಡಿಗೆ ಹೋದಳು. ಉಣುಗು ಹತ್ತದಂತೆ ಹಚ್ಚುವ ಎಣ್ಣೆ ಮನೆಯಲ್ಲೇ ಉಳಿಯಿತು.

ಜನರಿಗೆ ಅರಿವಿಲ್ಲವೆಂದು ದೂರುವವರೇ, ಅರಿವು ಹಂಚಬೇಕಾದವರಿಗೇ ಸುದ್ದಿ ಮುಟ್ಟಿಸದಿದ್ದವರು ಯಾರು? ನೀತಿ ಬದಲಾದ ಸುದ್ದಿ ಜಿಲ್ಲಾ ಕಚೇರಿಯ ಕಡತದಲ್ಲಿದ್ದರೆ ಮುಂಜಾಗ್ರತೆಯಾಗುವುದಿಲ್ಲ. ಕಾಡು ಒಣಗುವ ಮೊದಲೇ ಅದು ಕನ್ನಡದಲ್ಲಿ ಆಶಾ ಕೈಗೆ ಬರಬೇಕು.