ಹಾಲಿನ ಗಾಡಿಯ ಹೊಗೆ

ನಮ್ಮ ಮನೆಗೆ ದಿನವೂ ಹಾಲು ತರುವ ಗೃಹಸ್ಥನದು 2008ರಲ್ಲಿ ಕೊಂಡ, ಟೂ-ಸ್ಟ್ರೋಕ್ ಎಂಜಿನ್ನಿನ ಮೊಪೆಡ್. ಎರಡೂ ಬದಿಗೆ ಕ್ಯಾನು ಕಟ್ಟಿಕೊಂಡು ಅದು ಓಣಿಯನ್ನು ಹೊಗುವ ಮೊದಲೇ ಅದರ ವಾಸನೆ ನಮ್ಮ ಅಂಗಳವನ್ನು ತಲುಪಿರುತ್ತದೆ. ಕೆಲವು ದಿನಗಳ ಹಿಂದೆ ಆತ ಬಾಡಿದ ಮುಖದಿಂದ ಬಂದ. ಹೊಗೆ ತಪಾಸಣೆಯಲ್ಲಿ ಗಾಡಿ ತೇರ್ಗಡೆಯಾಗಿರಲಿಲ್ಲ.

“ಅಜ್ಜಾರ, ಹೊಗಿ ಬಿಡತೈತಿ ಅನ್ನೂದು ಖರೆರಿ. ಹೊಸಾದು ತಗೊಳ್ಳಾಕ ರೊಕ್ಕ ಎಲ್ಲಿಂದ ತರ್ಲಿ? ಇಷ್ಟ ಹೊಗಿ ಬಿಡೂ ಗಾಡಿ ಮಾರಾಕ ಸರಕಾರ ಮೊದಲರ ಹ್ಯಾಂಗ ಒಪ್ತು?”

ಪ್ರಶ್ನೆ ನ್ಯಾಯವಾದದ್ದೇ. ಬಲ್ಲವರನ್ನು ಕೇಳಿ, ಓದಿ, ನಾವು ತಿಳಿದುಕೊಂಡುದನ್ನು ಓದುಗರ ಮುಂದಿಡುತ್ತೇವೆ.

ಟೂ-ಸ್ಟ್ರೋಕ್ ಎಂಜಿನ್ನಿಗೆ ಉಸಿರಾಡಲು ಕವಾಟಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಕಂಡಿಗಳನ್ನು ಪಿಸ್ಟನ್ನೇ ತೆರೆದು ಮುಚ್ಚುತ್ತದೆ. ಸುಟ್ಟ ಹೊಗೆಯನ್ನು ಹೊರದೂಡುವ ಕೆಲಸ ಹೊಸದಾಗಿ ಒಳಬರುವ ಗಾಳಿ-ಪೆಟ್ರೋಲಿನ ಮಿಶ್ರಣದ್ದು. ಆಗ ಹೊರದಾರಿಯೂ ತೆರೆದೇ ಇರುವುದರಿಂದ ಆ ಮಿಶ್ರಣದ ಒಂದು ಪಾಲು ಸುಡದೆಯೇ ಸೈಲೆನ್ಸರಿನಿಂದ ಆಚೆ ಹೋಗುತ್ತದೆ. ಕಸದೊಡನೆ ಕಾಳನ್ನೂ ಗುಡಿಸಿ ಚೆಲ್ಲಿದಂತೆ. ಜೊತೆಗೆ ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೂ ಅರೆಬರೆ ಸುಟ್ಟು ನೀಲಿ ಹೊಗೆಯಾಗುತ್ತದೆ. ಜನರು ಬಯ್ಯುವುದು ಈ ನೀಲಿ ಹೊಗೆಯನ್ನು. ಕಣ್ಣಿಗೆ ಕಾಣದೆ ಹೋಗುವ ಹಸಿ ಪೆಟ್ರೋಲಿನಲ್ಲಿಯೂ ಅರ್ಬುದಕಾರಕವಾದ ಬೆಂಜೀನ್ ಉಂಟೆಂಬುದು ಅನೇಕರಿಗೆ ತಿಳಿಯದು.

ಇನ್ನು ಸರಕಾರ ಒಪ್ಪಿದ ಬಗೆ. ನಮ್ಮ ದೇಶದಲ್ಲಿ 1996ರ ನಿಯಮದಂತೆ ದ್ವಿಚಕ್ರ ವಾಹನ ಒಂದು ಕಿಲೋಮೀಟರಿಗೆ 4.5 ಗ್ರಾಂ ಇಂಗಾಲದ ಮಾನಾಕ್ಸೈಡನ್ನು ಬಿಡಬಹುದಾಗಿತ್ತು. ಹೈಡ್ರೋಕಾರ್ಬನ್, ಅಂದರೆ ಸುಡದ ಇಂಧನ, ಮತ್ತು ಸಾರಜನಕದ ಆಕ್ಸೈಡುಗಳು ಎರಡೂ ಕೂಡಿ 3.6 ಗ್ರಾಂ. ಈ ಎರಡು ಮಿತಿಗಳೂ 2000ದಲ್ಲಿ 2 ಗ್ರಾಮಿಗೆ, 2005ರಲ್ಲಿ ಒಂದೂವರೆಗೆ, 2010ರಲ್ಲಿ ಒಂದಕ್ಕೆ ಇಳಿದವು. ‘ಕೂಡಿ’ ಎಂಬ ಮಾತನ್ನು ಓದುಗರು ಗಮನಿಸಬೇಕು. ಟೂ-ಸ್ಟ್ರೋಕ್ ಎಂಜಿನ್ನಿನಿಂದ ಸಾರಜನಕದ ಆಕ್ಸೈಡು ಬಲು ಕಡಿಮೆ ಹೊರಡುತ್ತದೆ. ಹೀಗಾಗಿ ಆ ಮೊತ್ತದ ಹೆಚ್ಚಿನ ಪಾಲನ್ನು ಸುಡದ ಪೆಟ್ರೋಲಿಗೇ ಬಳಸಿಕೊಳ್ಳಬಹುದಾಗಿತ್ತು. ಉಳಿದ ಕೆಲಸವನ್ನು ಸೈಲೆನ್ಸರಿನೊಳಗಣ ಕ್ಯಾಟಲಿಟಿಕ್ ಕನ್ವರ್ಟರ್ ಮಾಡಿತು. ಎಂಜಿನ್ನು ಸುಡದೆ ಬಿಟ್ಟುದನ್ನು ದಾರಿಯಲ್ಲಿ ತಡೆದು ಸುಡುವ ಉಪಕರಣವಿದು. ಆದರೆ ಎಣ್ಣೆಯ ಬೂದಿ ಇದರ ಮೇಲೆ ಕೂಡುತ್ತದೆ, ಸುಡಬೇಕಾದ ಪೆಟ್ರೋಲು ಹೆಚ್ಚಾದರೆ ಇದು ಅತಿಯಾಗಿ ಕಾಯುತ್ತದೆ. ಕಾರ್ಖಾನೆಯಿಂದ ಹೊರಬಂದ ದಿನದ ಶುದ್ಧಿ ಹತ್ತು ವರ್ಷದ ಮೇಲೂ ಇರುತ್ತದೆಂದು ನಂಬುವಂತಿಲ್ಲ.

2020ರ ಏಪ್ರಿಲಿನಲ್ಲಿ ಜಾರಿಗೆ ಬಂದ ಭಾರತ್ ಸ್ಟೇಜ್ 6 ಆ ಕೂಡುಲೆಕ್ಕವನ್ನು ಮನ್ನಿಸಲಿಲ್ಲ. ಹೈಡ್ರೋಕಾರ್ಬನ್ನಿಗೆ ಪ್ರತ್ಯೇಕವಾಗಿ 0.1 ಗ್ರಾಮಿನ ಮಿತಿ ಬಿತ್ತು. ಪೆಟ್ರೋಲನ್ನೇ ಕಸಬರಿಗೆ ಮಾಡಿಕೊಂಡ ಅಗ್ಗದ ಕಾರ್ಬ್ಯುರೇಟರ್ ಎಂಜಿನ್ನಿಗೆ ಇದು ನಿಲುಕುವ ಮಾತಲ್ಲ. ಬರಿಯ ಗಾಳಿಯಿಂದ ಸಿಲಿಂಡರನ್ನು ಗುಡಿಸಿ, ಕಂಡಿ ಮುಚ್ಚುವ ಹೊತ್ತಿಗೆ ಪೆಟ್ರೋಲನ್ನು ನೇರವಾಗಿ ಒಳಗೆ ಸಿಂಪಡಿಸುವ ಉಪಾಯವೂ ಉಂಟು. ಫಿಲಿಪ್ಪೀನ್ಸಿನಲ್ಲಿ ಬಾಡಿಗೆಗೆ ಓಡುವ ಟೂ-ಸ್ಟ್ರೋಕ್ ತ್ರಿಚಕ್ರಿಗಳಿಗೆ ಇದನ್ನು ಅಳವಡಿಸಿದ್ದೂ ಉಂಟು. ಆದರೆ ಅಷ್ಟು ವೆಚ್ಚ ಮಾಡುವುದಾದರೆ ನಾಲ್ಕು ಸ್ಟ್ರೋಕಿನ ಎಂಜಿನ್ನೇ ಲೇಸು. ಹೊಸೂರಿನ ಟಿವಿಎಸ್ ಕಂಪನಿ 2015ರಲ್ಲಿಯೇ ಎಕ್ಸ್‌ಎಲ್ 100 ಎಂಬ ನಾಲ್ಕು ಸ್ಟ್ರೋಕಿನ ಮೊಪೆಡ್ಡನ್ನು ಹೊರತಂದಿತ್ತು. 1996ರಲ್ಲಿ ನಿಂತುಹೋದ ಆರ್‌ಎಕ್ಸ್ 100ನ್ನು ಇಂದಿಗೂ ಹುಡುಕಿ ಕೊಳ್ಳುವ ತರುಣರಿದ್ದಾರೆ. ಅವರಿಗೆ ಅದರ ಸದ್ದಿನ ಮೇಲೆ ಮೋಹ. ನಮ್ಮ ಹಾಲಿನವನಿಗೆ ಅಂಥ ಮೋಹವೇನೂ ಇಲ್ಲ.

ಹಳೆಯ ಗಾಡಿಯನ್ನು ಹೊಸ ನಿಯಮದಿಂದ ಅಳೆಯುವುದಿಲ್ಲ. ಆತನ ಗಾಡಿಗೆ ತಪಾಸಣೆಯ ಮಿತಿ ಮಾನಾಕ್ಸೈಡಿಗೆ ಶೇಕಡಾ 3.5, ಹೈಡ್ರೋಕಾರ್ಬನ್ನಿಗೆ ಹತ್ತು ಲಕ್ಷದಲ್ಲಿ 6000 ಪಾಲು. ಅದೇ ಕಾಲದ ನಾಲ್ಕು ಸ್ಟ್ರೋಕಿನ ಗಾಡಿಗೆ ಇದು 4500. ಇಷ್ಟು ರಿಯಾಯಿತಿ ಇದ್ದೂ ಸೋತದ್ದೇಕೆಂದು ಮೇಸ್ತ್ರಿಯ ಬಳಿ ಕಳಿಸಿದೆವು. ಸೈಲೆನ್ಸರಿನಲ್ಲಿ ಮಸಿ ಹೆಪ್ಪುಗಟ್ಟಿತ್ತು, ಗಾಳಿಯ ಫಿಲ್ಟರು ಮಣ್ಣು ಹಿಡಿದಿತ್ತು. ಲೀಟರಿಗೆ 20 ಮಿಲಿಲೀಟರಿನಷ್ಟು ಸಾಕಾದ ಎಣ್ಣೆಯನ್ನು ಈತ ಕಣ್ಣಂದಾಜಿನಲ್ಲಿ ಸುರಿಯುತ್ತಿದ್ದನಂತೆ, ಎಂಜಿನ್ನಿಗೆ ಒಳ್ಳೆಯದಾಗಲೆಂದು! ಅವನ್ನು ಸರಿಪಡಿಸಿದ ಮೇಲೆ ಎರಡನೆಯ ತಪಾಸಣೆಯಲ್ಲಿ ಗಾಡಿ ಪಾರಾಯಿತು.

ಆದರೂ ನಾವು ಆತನಿಗೆ ಒಂದು ಮಾತು ಹೇಳಬೇಕಾಯಿತು. “ತಮ್ಮಾ, ಆ ಚೀಟಿ ನಿಂತ ಗಾಡಿಯ ಹೊಗೆಗೆ ಕೊಟ್ಟದ್ದು. ಕ್ಯಾನು ಹೇರಿಕೊಂಡು ಏರು ಹತ್ತುವಾಗ ಬರುವುದನ್ನು ಯಾರೂ ಅಳೆದಿಲ್ಲ. ಅದನ್ನು ಎಲ್ಲರಿಗಿಂತ ಹೆಚ್ಚು ಕುಡಿಯುವವನು ನೀನೇ. ಮನೆ ಮನೆಯ ಬಾಗಿಲಲ್ಲಿ ಹಾಲು ಅಳೆಯುವಾಗಲಾದರೂ ಎಂಜಿನ್ ನಿಲ್ಲಿಸು.” ಮತ್ತೆ ಚಾಲೂ ಮಾಡಲು ಪೆಡಲು ತುಳಿಯುವುದೇ ಕಷ್ಟವೆಂದು ಆತ ಮೊದಲು ಗೊಣಗಿದ. ಈಗ ನಿಲ್ಲಿಸುತ್ತಾನೆ. ಎಣ್ಣೆ ಅಳೆಯುವ ಮುಚ್ಚಳವೊಂದು ಹ್ಯಾಂಡಲಿಗೆ ದಾರದಿಂದ ತೂಗಾಡುತ್ತಿರುತ್ತದೆ. ವಾಸನೆ ಪೂರ್ತಿ ಹೋಗಿಲ್ಲ. ದೀಪಾವಳಿಯ ಹೊತ್ತಿಗೆ ನಾಲ್ಕು ಸ್ಟ್ರೋಕಿನದೊಂದು ಹಳೆಯ ಗಾಡಿ ಸಿಕ್ಕೀತೇ ಎಂದು ನಿನ್ನೆ ಆತನೇ ಕೇಳುತ್ತಿದ್ದ.