ಪ್ರಾರ್ಥನಾ ಮಂದಿರಕ್ಕೆ ಹೋಂ ಥಿಯೇಟರ್ ಏಕೆ?

ಶ್ರಾವಣ ಹತ್ತಿರವಾದಂತೆ ಊರೂರುಗಳ ಬಸವ ಬಳಗಗಳು ಪ್ರವಚನ, ಸಾಮೂಹಿಕ ಪ್ರಾರ್ಥನೆಗಳ ತಯಾರಿಗೆ ತೊಡಗುತ್ತವೆ. ಆಗ ಕೇಳಿಬರುವ ಪ್ರಶ್ನೆ: ‘ಸರ್, ನೀವು ಇಂಜಿನಿಯರು. 10–15 ಸಾವಿರದೊಳಗೆ ಒಳ್ಳೆ ಹೋಂ ಥಿಯೇಟರ್ ಯಾವುದು?’ ಮನೆಯಲ್ಲಿ ಸಿನಿಮಾ ನೋಡುವುದಕ್ಕಾದರೆ ಧಾರಾಳವಾಗಿ ತನ್ನಿ. ಮಂದಿರಕ್ಕೆ ಬೇಡ.

5.1 ಎಂದರೆ ಐದು ಸ್ಪೀಕರ್, ಒಂದು ಸಬ್‌ವೂಫರ್. ಅದರ ಲೆಕ್ಕಾಚಾರವೆಲ್ಲ ಸಿನಿಮಾದ್ದು: ಮಾತು ನಡುವಿನ ಸ್ಪೀಕರಿನಿಂದ, ಮಳೆ ಗುಡುಗು ಸುತ್ತಲಿಂದ. ಅದೂ ಸೋಫಾದಲ್ಲಿ ಕೂತ ಮೂರು ನಾಲ್ಕು ಜನಕ್ಕೆ. ವಚನಗಾಯನದ ಧ್ವನಿಮುದ್ರಣಗಳು ಸಾಮಾನ್ಯವಾಗಿ ಹೆಚ್ಚೆಂದರೆ ಎರಡು ಚಾನೆಲ್‌ನವು. ಮಲ್ಲಿಕಾರ್ಜುನ ಮನ್ಸೂರರ ದನಿಯನ್ನು ಐದು ಮೂಲೆಗೆ ಹಂಚಿದರೆ ಅದಕ್ಕೆ ಹೊಸದೇನೂ ಸೇರುವುದಿಲ್ಲ. ಡಬ್ಬದ ಮೇಲೆ ಸಾವಿರಾರು ವ್ಯಾಟ್ ಪಿಎಂಪಿಒ ಎಂದಿದ್ದರೆ ಅದನ್ನು ಮರೆತುಬಿಡಿ. ಆರ್‌ಎಂಎಸ್ ಎಷ್ಟು ಎಂದು ಕೇಳಿ.

ಅಂಗಡಿಯಲ್ಲಿ ನಮ್ಮನ್ನು ಮರುಳು ಮಾಡುವುದು ಆ ‘ಗುಂ’ ಸದ್ದು. ಅದು ಸುಮಾರು 120 ಹರ್ಟ್ಸ್‌ಗಿಂತ ಕೆಳಗಿನದು. ಕ, ತ, ಪ, ಸ ಅಕ್ಷರಗಳು ಒಂದರಿಂದೊಂದು ಬೇರೆಯಾಗಿ ತಿಳಿಯುವುದು ಹೆಚ್ಚಾಗಿ 2,000ದಿಂದ 4,000 ಹರ್ಟ್ಸ್ ಆಸುಪಾಸಿನಲ್ಲಿ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದೂ ಮೇಲಿನ ಸ್ವರಗಳನ್ನೇ. ಜೊತೆಗೆ ನಮ್ಮ ಸಭಾಭವನಗಳೋ, ಕೆಳಗೆ ಟೈಲ್ಸ್, ಮೇಲೆ ಆರ್‌ಸಿಸಿ, ನಾಲ್ಕೂ ಕಡೆ ನುಣ್ಣನೆ ಗೋಡೆ. ವಾಲ್ಯೂಮ್ ಏರಿಸಿದರೆ ಮಾತಿನಷ್ಟೇ ಪ್ರತಿಧ್ವನಿಯೂ ಏರುತ್ತದೆ. ಸ್ಪೀಕರಿನಿಂದ ದೂರ ಎರಡು ಪಟ್ಟಾದರೆ ನೇರ ಧ್ವನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಹಿಂದಿನವರಿಗೆ ಉಳಿಯುವುದು ಗದ್ದಲವೇ.

ಹಿಂದೆ ಕೂರುವವರು ಯಾರು? ಮಕ್ಕಳನ್ನು ಎತ್ತಿಕೊಂಡು ಬಂದ ತಾಯಂದಿರು, ಮಂಡಿನೋವಿಗೆ ಕುರ್ಚಿ ಹಾಕಿಸಿಕೊಂಡ ಹಿರಿಯರು. ಎಲ್ಲರಿಗೂ ತಿಳಿಯಲಿ ಎಂದೇ ಶರಣರು ಕನ್ನಡದಲ್ಲಿ ನುಡಿದರು. ಅದು ಹಿಂದಿನ ಸಾಲಿಗೆ ಬರೀ ಸದ್ದಾಗಿ ತಲುಪಿದರೆ, ಅರ್ಥವಾಗದ ಮಂತ್ರ ಕೇಳಿ ಎದ್ದು ಹೋದದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ?

ದಾಸೋಹದ ದುಡ್ಡು ಹೀಗೆ ಖರ್ಚಾಗಲಿ: ಒಂದು ಸಾಧಾರಣ ಮಿಕ್ಸರ್ ಆಂಪ್ಲಿಫೈಯರ್, ಎರಡು ಕಾಲಂ ಸ್ಪೀಕರ್. ಅವು ಮೈಕಿಗಿಂತ ಮುಂದೆ, ಕೂತವರ ತಲೆಗಿಂತ ಮೇಲೆ, ಜನರತ್ತ ತುಸು ಬಾಗಿರಲಿ. ಸುತ್ತಲೂ ಸ್ಪೀಕರ್ ಇಟ್ಟು ನಡುವೆ ಮೈಕ್ ಹಿಡಿದರೆ ‘ಕುಂಯ್’ ಎಂದು ಕೂಗುವುದು ಖಂಡಿತ. ನೆಲಕ್ಕೆ ಜಮಖಾನ, ಹಿಂದಿನ ಗೋಡೆಗೆ ದಪ್ಪ ಪರದೆ. ಇವು ಯಾವ ಸಬ್‌ವೂಫರಿಗಿಂತಲೂ ಹೆಚ್ಚು ಕೆಲಸ ಮಾಡುತ್ತವೆ.

ಉಳಿದ ಹಣದಲ್ಲಿ ಇನ್ನೊಂದು ಮೈಕ್ ಕೊಳ್ಳಿ, ಕೇಳುವವರಿಗಾಗಿ. ವೇದಿಕೆಯ ಮೇಲೆ ಮಾತ್ರ ಮೈಕ್ ಇರುವ ಸಭೆಯನ್ನು ಅನುಭವ ಮಂಟಪ ಎಂದು ಕರೆಯಲು ನನಗೆ ಮನಸ್ಸಿಲ್ಲ. ಅದರ ವೈರ್ ಉದ್ದವಿರಲಿ, ಕೊನೆಯ ಸಾಲಿನ ಕುರ್ಚಿಯವರೆಗೆ ಬರಬೇಕು.