ಬಟನ್ ಒತ್ತಿ ಎನ್ನುವ ಮಹಾಶಯರೇ, ನಮ್ಮ ವಠಾರಕ್ಕೊಮ್ಮೆ ಬನ್ನಿ!

ಟೀವಿ ನೋಡಿ ಮಕ್ಕಳು ಕೆಡುತ್ತಿದ್ದಾರೆ ಎಂದು ಯಾರಾದರೂ ಬಾಯಿಬಿಟ್ಟರೆ ಸಾಕು, ಚಾನೆಲ್ ಯಜಮಾನರ ಉತ್ತರ ಸಿದ್ಧ. ಬೇಡವಾದರೆ ಆಫ್ ಮಾಡಿ, ಮಕ್ಕಳನ್ನು ನೋಡಿಕೊಳ್ಳುವುದು ಹೆತ್ತವರ ಕೆಲಸ, ಸರ್ಕಾರದ್ದಲ್ಲ! ಕೇಳಲು ಎಷ್ಟು ಚೆಂದ! ಹೀಗೆನ್ನುವವರ ಮನೆಯಲ್ಲಿ ಮಗು ನೋಡಿಕೊಳ್ಳಲು ಒಬ್ಬ ಆಯಾ, ಪಾಠಕ್ಕೊಬ್ಬ ಮೇಷ್ಟ್ರು, ಈಜಿಗೊಬ್ಬ ಗುರು.

ಪೀಣ್ಯದ ನಮ್ಮ ವಠಾರಕ್ಕೊಮ್ಮೆ ಬನ್ನಿ ಸ್ವಾಮಿ. ಪಕ್ಕದ ಮನೆಯ ಅಕ್ಕ ಗಾರ್ಮೆಂಟ್ಸಿಗೆ ಹೋಗುತ್ತಾರೆ. ಬೆಳಿಗ್ಗೆ ಎಂಟಕ್ಕೆ ಹೊರಟರೆ ಬಸ್ಸಿಳಿದು ಮನೆ ಸೇರುವಾಗ ಏಳು. ಗಂಡ ಆಟೋ ಓಡಿಸುತ್ತಾರೆ, ಬರುವುದು ರಾತ್ರಿ ಹತ್ತಕ್ಕೆ. ಮಗ ಮೂರನೇ ಕ್ಲಾಸು. ನಾಲ್ಕಕ್ಕೆ ಶಾಲೆ ಬಿಟ್ಟು ಬಂದು, ಕೊರಳಲ್ಲಿ ನೇತುಹಾಕಿಕೊಂಡ ಬೀಗದ ಕೈಯಿಂದ ಬಾಗಿಲು ತೆಗೆದು ಟೀವಿ ಹಾಕುತ್ತಾನೆ. ಮೂರು ಗಂಟೆ ಕಾಲ ಆ ಮಗುವಿಗೆ ಅಪ್ಪನೂ ಅದೇ, ಅಮ್ಮನೂ ಅದೇ. ಒಂದು ದಿನ ಆ ಅಕ್ಕ ರಿಮೋಟ್ ಹಿಡಿದು ಬಂದರು. ಕೆಲವು ಚಾನೆಲ್ಲಿಗೆ ಲಾಕ್ ಹಾಕಿಕೊಡಪ್ಪ ಎಂದರು. ಹೋಗಿ ನೋಡಿದರೆ ಮೆನು ಪೂರಾ ಇಂಗ್ಲಿಷ್! ತಿಂಗಳು ತಿಂಗಳು ದುಡ್ಡು ಕಟ್ಟುವ ತಾಯಿಗೆ ತನ್ನ ಮನೆಯ ಟೀವಿಗೆ ಬೀಗ ಹಾಕಲು ತನ್ನ ಭಾಷೆಯಲ್ಲಿ ಒಂದು ಸಾಲಿಲ್ಲ. ಇಂಥವರಿಗೆ ಜವಾಬ್ದಾರಿಯ ಪಾಠ ಹೇಳಲು ನಾಚಿಕೆಯಾಗುವುದಿಲ್ಲವೇ?

ಸರ್ಕಾರವೇನು ಕಡಿಮೆಯೇ? ಕಾಗದದ ಮೇಲೆ ಎಲ್ಲವೂ ಇದೆ. ಮಕ್ಕಳ ಕಾರ್ಯಕ್ರಮದಲ್ಲಿ ಕೆಟ್ಟ ಮಾತು, ಹಿಂಸೆಯ ದೃಶ್ಯ ಕೂಡದು, ಮಕ್ಕಳು ಹೆಚ್ಚಾಗಿ ನೋಡುವ ಹೊತ್ತಿನಲ್ಲಿ ಅವರಿಗೆ ತಕ್ಕದ್ದಲ್ಲದ್ದನ್ನು ತೋರಿಸಬಾರದು ಎಂದು 1994ರ ಕೇಬಲ್ ಟೀವಿ ನಿಯಮಗಳಲ್ಲೇ ಬರೆದಿದೆ. 1995ರ ಕಾಯ್ದೆ ಜಿಲ್ಲಾಧಿಕಾರಿಗೆ, ಪೊಲೀಸ್ ಕಮಿಷನರಿಗೆ ಕ್ರಮ ಕೈಗೊಳ್ಳುವ ಅಧಿಕಾರವನ್ನೂ ಕೊಟ್ಟಿದೆ. ಸಂಜೆ ಹೊತ್ತು ರಕ್ತದ ಮಡುವಿಗೆ ಕೆಂಪು ವೃತ್ತ ಹಾಕಿ ಹತ್ತು ಸಲ ತೋರಿಸುವಾಗ ಈ ಸಾಹೇಬರೆಲ್ಲ ಎಲ್ಲಿರುತ್ತಾರೆ? ಪ್ರಸಾರದ ಅಲೆಗಳು ಸಾರ್ವಜನಿಕರ ಆಸ್ತಿ ಎಂದು 1995ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಆಸ್ತಿ ನಮ್ಮದು, ವ್ಯಾಪಾರ ಅವರದು, ಕೆಟ್ಟ ಮಕ್ಕಳು ಮಾತ್ರ ನಮ್ಮ ಪಾಲು!

ಹಾಗೆಂದು ನಿಷೇಧಿಸಿ, ನಿಷೇಧಿಸಿ ಎಂದು ಕೂಗುವವರ ಸಾಲಿಗೆ ನಮ್ಮನ್ನು ಸೇರಿಸಬೇಡಿ. ಸರ್ಕಾರದ ಕೈಗೆ ಕತ್ತರಿ ಕೊಟ್ಟರೆ ಅದು ಮೊದಲು ಕತ್ತರಿಸುವುದು ತನ್ನನ್ನು ಬೈಯುವವರ ನಾಲಿಗೆಯನ್ನು. ಕತ್ತರಿ ಸಾಕು, ಮಕ್ಕಳ ತಟ್ಟೆಗೆ ಏನಾದರೂ ಬಡಿಸಿ! ಮಾರುಕಟ್ಟೆಯೇ ದೇವರು ಎನ್ನುವ ಅಮೆರಿಕವೂ ವಾರಕ್ಕೆ ಮೂರು ಗಂಟೆ ಮಕ್ಕಳ ಬುದ್ಧಿ ಬೆಳೆಸುವ ಕಾರ್ಯಕ್ರಮ ಹಾಕಿ ಎಂದು 1996ರಲ್ಲಿ ತನ್ನ ಟೀವಿ ಕೇಂದ್ರಗಳಿಗೆ ಹೇಳಿತು. ನಮ್ಮಲ್ಲೂ ದಿನಕ್ಕೆ ಅರ್ಧ ಗಂಟೆ ಸಾರ್ವಜನಿಕ ಹಿತದ ಕಾರ್ಯಕ್ರಮ ತೋರಿಸಬೇಕೆಂದು ಕೇಂದ್ರ ಸರ್ಕಾರ 2022ರ ಮಾರ್ಗಸೂಚಿಯಲ್ಲಿ ಬಹುತೇಕ ಚಾನೆಲ್ಲುಗಳಿಗೆ ಹೇಳಿದೆ. ನಮ್ಮ ಬೇಡಿಕೆ ಸರಳ. ಕನ್ನಡ ಚಾನೆಲ್ಲುಗಳ ಆ ಅರ್ಧ ಗಂಟೆ ಸಂಜೆ ಐದು ಗಂಟೆಗೆ ಬರಲಿ, ಕನ್ನಡದಲ್ಲಿ, ಮಕ್ಕಳಿಗಾಗಿ.

ನಮ್ಮವರಿಗೆ ಮಾಡಲು ಬರುವುದಿಲ್ಲವೇ? ಶಂಕರ್ ನಾಗ್ ಆಗುಂಬೆಯಲ್ಲಿ ಕೂತು 'ಮಾಲ್ಗುಡಿ ಡೇಸ್' ಮಾಡಿ ತೋರಿಸಲಿಲ್ಲವೇ? ಊರು ನಮ್ಮದು, ನಿರ್ದೇಶಕ ನಮ್ಮವನು, ಸ್ವಾಮಿಯಾಗಿ ಕುಣಿದಾಡಿದ ಮಾಸ್ಟರ್ ಮಂಜುನಾಥ್ ನಮ್ಮ ಹುಡುಗ. ಆದರೆ 1980ರ ದಶಕದ ದೂರದರ್ಶನದಲ್ಲಿ ಆ ಹುಡುಗ ಮಾತಾಡಿದ್ದು ಹಿಂದಿ!

ನಮ್ಮ ತಪ್ಪನ್ನೂ ಮುಚ್ಚಿಡುವುದಿಲ್ಲ. ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಕಾಲಿಟ್ಟಿದ್ದು 1995ರಲ್ಲಿ. ಕನ್ನಡದ ಮಕ್ಕಳಿಗೆಂದು ಚಿಂಟು ಟಿವಿ ಬಂದದ್ದು 2009ರಲ್ಲಿ. ನಡುವೆ ಒಂದು ಪೀಳಿಗೆ ಹಿಂದಿಯಲ್ಲಿ ನಕ್ಕು ಇಂಗ್ಲಿಷಿನಲ್ಲಿ ಬೆರಗಾಗಿ ಬೆಳೆಯಿತು. ಡಬ್ಬಿಂಗ್ ಬೇಡ ಎಂದು ಬೀದಿಗಿಳಿದವರು ನಾವೇ ಅಲ್ಲವೇ? ಚಿತ್ರರಂಗದ ಕೂಲಿ ಕಾರ್ಮಿಕರ ಅನ್ನಕ್ಕಾಗಿ ಹೋರಾಡಿದ್ದು ಸರಿಯಿರಬಹುದು, ಬೊಂಬೆ ಚಿತ್ರಕ್ಕೂ ಅದೇ ಬೇಲಿಯೇಕೆ ಎಂದು ಯಾರೂ ಕೇಳಲಿಲ್ಲ. 2015ರಲ್ಲಿ ಸ್ಪರ್ಧಾ ಆಯೋಗ ಬಂದು ಆ ಬೇಲಿ ತಪ್ಪೆನ್ನಬೇಕಾಯಿತು.

ಇನ್ನು ಹೆತ್ತವರು. ದುಡಿಯಲು ಹೋದ ತಾಯಿಯನ್ನು ನಾವು ದೂರುವುದಿಲ್ಲ. ಆದರೆ ರಾತ್ರಿ ಒಂಬತ್ತಕ್ಕೆ ತೊಡೆಯ ಮೇಲೆ ಮಗುವನ್ನು ಕೂರಿಸಿಕೊಂಡು ಅತ್ತೆ ಸೊಸೆಗೆ ವಿಷ ಹಾಕುವುದನ್ನು ಬಾಯಿ ಬಿಟ್ಟುಕೊಂಡು ನೋಡುವ ಅಪ್ಪ ಯಾವ ಸರ್ಕಾರವನ್ನು ಬೈಯಬೇಕು? ಆ ರಿಮೋಟ್ ಅವನ ಕೈಯಲ್ಲೇ ಇತ್ತಲ್ಲ! ಮದುವೆಯಾಗದ ಅಣ್ಣ ಅಕ್ಕಂದಿರೇ, ನೀವೂ ನಗಬೇಡಿ. ಕ್ರಿಕೆಟ್ಟಿಗಾಗಿ ತಮ್ಮನ ಕೈಯಿಂದ ರಿಮೋಟ್ ಕಸಿಯುವವರು ಒಂದು ಸಂಜೆ ಅವನ ಪಕ್ಕ ಕೂತು, ಇದು ಸುಳ್ಳು ಕಣೋ, ಆ ರಕ್ತ ಬಣ್ಣದ ನೀರು ಎಂದು ಹೇಳಿದ್ದೀರಾ?

ಗೆಳೆಯರೇ, ಮೊದಲು ಎರಡು ಕಾಗದ ಬರೆಯಿರಿ. ಒಂದು, ಮಕ್ಕಳ ಹೊತ್ತಿನಲ್ಲಿ ಹೊಲಸು ತೋರಿಸಿದ ಚಾನೆಲ್ಲಿಗೆ. 2021ರ ನಿಯಮದ ಪ್ರಕಾರ ಅವರು 15 ದಿನದೊಳಗೆ ಉತ್ತರ ಕೊಡಲೇಬೇಕು. ಇನ್ನೊಂದು, ಜಿಲ್ಲಾಧಿಕಾರಿ ಕಚೇರಿಗೆ ಮಾಹಿತಿ ಹಕ್ಕಿನಡಿ. ಶುಲ್ಕ ಹತ್ತೇ ರೂಪಾಯಿ. ಟೀವಿ ಮೇಲೆ ನಿಗಾ ಇಡುವ ಜಿಲ್ಲಾ ಸಮಿತಿ ನಮ್ಮಲ್ಲಿದೆಯೇ, ಎಷ್ಟು ಸಲ ಸಭೆ ಸೇರಿದೆ, ಮಕ್ಕಳ ವಿಷಯ ಒಂದು ಸಲವಾದರೂ ಚರ್ಚೆಗೆ ಬಂದಿದೆಯೇ ಎಂದು ಕೇಳಿ. ಅರ್ಜಿ ಕನ್ನಡದಲ್ಲಿರಲಿ. ಉತ್ತರವನ್ನೂ ಕನ್ನಡದಲ್ಲೇ ಕೊಡಬೇಕೆಂದು ಕೊನೆಯಲ್ಲಿ ಬರೆದು ಸಹಿ ಹಾಕಿ.